ಕಾವಿನ ಋಣ

ಜೀವವನ್ನು ಕಳೆಯುವುದರ ಪಾಪಪುಣ್ಯಗಳನ್ನು ಕುರಿತು ಹಿರಿಯರು ಬಹಳವಾಗಿ ವಿಚಾರಮಾಡಿರುವರು. ಜೀವವನ್ನು ಬರಮಾಡಿಕೊಳ್ಳುವುದರ ಹೊಣೆಯನ್ನು ಕುರಿತು ಅಷ್ಟು ವಿಚಾರ ನಡೆದಂತೆ ತೋರುವುದಿಲ್ಲ. ಮನುಷ್ಯರ ಮಟ್ಟಿಗೆ ಆ ಹೊಣೆ ತಾಯಿತಂದೆಗಳದೆಂದು ಎಲ್ಲರೂ ಒಪ್ಪುವರು. ಆದರೆ ಮನೆಯ ಮೂಲೆಯಲ್ಲಿ ಮಂಕರಿಯನ್ನಿಟ್ಟು, ಹೊಟ್ಟು ಹರಡಿ, ಹತ್ತು ಹನ್ನೆರಡು ಮೊಟ್ಟೆಗಳ ಮೇಲೆ ಹೇಟೆಯನ್ನು ಕಾವಿಗೆ ಕೂರಿಸುವ ಗೃಹಿಣಿಯೂ ಒಂದರ್ಥದಲ್ಲಿ ಜೀವಗಳನ್ನು ಬರಮಾಡಿಕೊಳ್ಳುತ್ತಿರುವಳೆಂಬುದು ಸಾಮಾನ್ಯವಾಗಿ ಯಾರ ಮನಸ್ಸಿಗೂ ಹೊಳೆಯುವುದಿಲ್ಲ. ೨೧ ದಿನಗಳು ತುಂಬಿದಮೇಲೆ ಮಂಕರಿಯಲ್ಲಿ ಎಂಟು ಒಂಬತ್ತು ಮರಿಗಳು ಮೈಯೊಣಗಿಸಿಕೊಂಡು ಎದ್ದುನಿಂತು ಚಿಲಿಪಿಲಿಗುಟ್ಟುವುವು. ಅವುಗಳ ನಡುವೆ ಒಂದು ಮರಿ ಕಾಲುಗಳೆರಡನ್ನೂ ಎಡಬಲಕ್ಕೆ ಚಾಚಿ ಎದೆಯ ಮೇಲೆ ಬಿದ್ದಿರುವುದು. ಮತ್ತೊಂದು ಓಡಿನಲ್ಲಿ ತೂತುಮಾಡಿಯೂ ಹೊರಕ್ಕೆ ಬರಲಾರದೆ ಒಳಗೇ ಕೂಗುತ್ತಿರುವುದು. ಎದ್ದುನಿಂತ ಮರಿಗಳ ವಿಷಯದಲ್ಲಿ ಯಾರಿಗೂ ಸಂದೇಹವಿಲ್ಲ. ಈ ಎರಡು ಮರಿಗಳಿಗೆ ಮನೆಯವರು ಸಲ್ಲಿಸಬೇಕಾದುದೇನು? ಅಥವಾ ಏನೂ ಇಲ್ಲವೆ? ಇದೇ ಇಲ್ಲಿಯ ವಿಚಾರ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿಗೆ ಸೇರಿದ ಗೌರಸಮುದ್ರವು ಈ ಪ್ರಶ್ನೆಯನ್ನು ಎತ್ತುವುದಕ್ಕೆ ತಕ್ಕ ಸ್ಥಳ. ಭಾದ್ರಪದದಲ್ಲಿ ನಡೆಯುವ ಮಾರಮ್ಮನ ಜಾತ್ರೆಯಿಂದ ಆ ಊರಿನ ಹೆಸರು ಚಳ್ಳಕೆರೆ ಮೊಳಕಾಲ್ಮುರು ಸೀಮೆಯಲ್ಲಿಯೂ, ಗಡಿಯಾಚೆಯ ಆಂಧ್ರದ ಹಳ್ಳಿಗಳಲ್ಲಿಯೂ ಪ್ರಸಿದ್ಧವಾಗಿರುವುದು. ಮಳೆ ಕಡಮೆಯಾದ, ಶೇಂಗಾ ಬೆಳೆಯುವ, ಕುರಿ ಮೇಯಿಸುವ ನಾಡು ಅದು. ಬೆಳೆ ಕೈಕೊಟ್ಟ ವರ್ಷ ಇಂಥ ನಾಡಿನ ಬಡಮನೆಗಳಲ್ಲಿ ಹಿತ್ತಲ ಕೋಳಿಯೇ ಹೆಂಗಸರ ಕೈಕಾಸು. ಮಗುವಿನ ಔಷಧಕ್ಕೂ ನೆಂಟರ ಊಟಕ್ಕೂ ಹಬ್ಬದ ಹರಕೆಗೂ ಅದೇ ಗತಿ. ಅದೇ ಸೀಮೆಯಲ್ಲಿ ಇದಕ್ಕೆ ನೇರ ಎದುರಾದ ಕಟ್ಟಳೆಯೊಂದೂ ಉಂಟು. ಅಲ್ಲಿ ಬಹುಸಂಖ್ಯೆಯಲ್ಲಿ ನೆಲೆಸಿರುವ ಮ್ಯಾಸಬೇಡರು ಪರಂಪರೆಯಾಗಿ ಕೋಳಿಯನ್ನು ತಿನ್ನತಕ್ಕವರಲ್ಲ. ಕಟ್ಟಳೆಯನ್ನು ಬಿಗಿಯಾಗಿ ನಡೆಸುವ ಹಟ್ಟಿಗಳಲ್ಲಿ ಅದನ್ನು ಸಾಕುವುದೂ ಇಲ್ಲ. ಊರುಬೇಡರಿಗೆ ಕೋಳಿ ಸಲ್ಲುವುದು, ಮ್ಯಾಸಬೇಡರಿಗೆ ಸಲ್ಲದು ಎಂಬ ಈ ಭೇದವನ್ನು, ೧೯೦೯ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿ ಥರ್ಸ್ಟನ್ನನೂ ದಾಖಲಿಸಿರುವನು. ಕುರಿಯ ಮಾಂಸ ಅವರಿಗೆ ವರ್ಜ್ಯವಲ್ಲವಾದುದರಿಂದ ಇದು ಅಹಿಂಸೆಗಾಗಿ ಹಿಡಿದ ವ್ರತವೆಂದು ಹೇಳಲಾಗದು. ಆದರೂ ಇದರ ಫಲವೊಂದನ್ನು ಗಮನಿಸತಕ್ಕದ್ದು. ಕೋಳಿಯನ್ನು ಕಾವಿಗೆ ಕೂರಿಸದ ಮನೆಯಲ್ಲಿ ಕಾಲು ಸೊಟ್ಟಗಾದ ಮರಿಯ ಪ್ರಶ್ನೆ ಏಳುವುದೇ ಇಲ್ಲ. ಆ ಮನೆ ಆ ಋಣವನ್ನು ಮಾಡಿಯೇ ಇಲ್ಲ.

ಆದುದರಿಂದ ಪ್ರಶ್ನೆಗೆ ಒಂದು ಪೂರ್ಣವಾದ ಉತ್ತರ ಆ ಸೀಮೆಯಲ್ಲಿಯೇ ಇರುವುದು: ಕೂರಿಸದಿರುವುದು. ಅದು ನಿಷ್ಕಳಂಕವಾದ ಉತ್ತರ. ಆದರೆ ಕೂರಿಸುವ ಮನೆ ಆ ಉತ್ತರವನ್ನು ಎರವಲು ಪಡೆಯಲಾರದು. “ಹುಟ್ಟಿದ್ದು ಹುಟ್ಟಿತು, ಸತ್ತದ್ದು ಸತ್ತಿತು, ನಮಗೇನು?” ಎಂಬ ಮಾತು ಕೂರಿಸದವರ ಬಾಯಲ್ಲಿ ಸತ್ಯ, ಕೂರಿಸಿದವರ ಬಾಯಲ್ಲಿ ನುಣುಚಿಕೊಳ್ಳುವಿಕೆ.

ಇದು ಏಕೆ ಹೀಗೆಂಬುದನ್ನು ಮೊಟ್ಟೆಯ ಸ್ವಭಾವವೇ ತಿಳಿಸುವುದು. ಹುಂಜದ ಕೂಟದಿಂದ ಫಲಿತವಾದ ಮೊಟ್ಟೆಯಲ್ಲಿ ಜೀವದ ಬೀಜವು ಹಳದಿಯ ಮೇಲೆ ಒಂದು ಬಿಳಿಯ ಚುಕ್ಕೆಯಾಗಿರುವುದು. ತಂಪಾದ ಸ್ಥಳದಲ್ಲಿಟ್ಟರೆ ಅದು ಬೆಳೆಯದೆ, ಸಾಯದೆ, ಒಂದು ವಾರದಷ್ಟು ಕಾಲ ನಿದ್ರಿಸುತ್ತಿರುವುದು. ಸುಮಾರು ೩೭.೫ ಡಿಗ್ರಿ ಸೆಂಟಿಗ್ರೇಡಿನ ಕಾವು ತಗುಲಿದಾಗ ಎಚ್ಚತ್ತು ಬೆಳೆಯತೊಡಗುವುದು. ಮೂರನೆಯ ದಿನದ ಹೊತ್ತಿಗೆ ಒಳಗೊಂದು ರಕ್ತದ ಬಿಂದು ಮಿಡಿಯುತ್ತಿರುವುದನ್ನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿಯೇ ಗ್ರೀಸಿನ ಅರಿಸ್ಟಾಟಲನು ಮೊಟ್ಟೆಗಳನ್ನು ಒಡೆದು ನೋಡಿ ಬರೆದಿಟ್ಟಿರುವನು. ಆ ಬಿಂದುವನ್ನು ಎಬ್ಬಿಸಿದವರು ಯಾರು? ಕಾಡುಕೋಳಿ ತಾನಾಗಿ ಪೊದೆಯಲ್ಲಿ ಮೊಟ್ಟೆಯಿಟ್ಟು ತಾನಾಗಿ ಕುಳಿತರೆ ಆ ಮಾತು ಬೇರೆ. ಮನೆಯಲ್ಲಿಯಾದರೋ ಮೊಟ್ಟೆಗಳನ್ನು ಕೂಡಿಸಿಟ್ಟವರು ಮನುಷ್ಯರು. ಇಷ್ಟು ಅಡುಗೆಗೆ, ಇಷ್ಟು ಮಾರಾಟಕ್ಕೆ, ಇಷ್ಟು ಕಾವಿಗೆ ಎಂದು ಎಣಿಸಿದವರು ಮನುಷ್ಯರು. ತಿಥಿವಾರಗಳನ್ನು ನೋಡಿ ಕೂರಿಸಿದವರೂ ಮನುಷ್ಯರೇ. ವಿದ್ಯುತ್ತಿನಿಂದ ಕಾವುಕೊಡುವ ಪೆಟ್ಟಿಗೆಗಳು ಈಗ ಮನೆಗಳಿಗೂ ಬಂದಿರುವುವು. ಅಂಥ ಪೆಟ್ಟಿಗೆಯನ್ನಿಟ್ಟ ಮನೆಯಲ್ಲಿ ಹೇಟೆಯ ಪಾಲೂ ಇಲ್ಲ, ಹೊಣೆಯೆಲ್ಲವೂ ಗುಂಡಿಯೊತ್ತಿದ ಬೆರಳಿನದೇ. ಮಲಗಿದ್ದವನನ್ನು ಎಬ್ಬಿಸಿ ಕರೆದೊಯ್ದವನು ದಾರಿಯಲ್ಲಿ ಅವನು ಕುಂಟಿದಾಗ “ನೀನು ಯಾರೋ” ಎನ್ನಲಾಗದಷ್ಟೆ.

ಋಣವುಂಟೆಂದು ಒಪ್ಪಿದಮೇಲೆ ಅದನ್ನು ತೀರಿಸುವ ಬಗೆ ಯಾವುದು? “ದಯೆ ತೋರತಕ್ಕದ್ದು” ಎಂದುಬಿಡುವುದು ಸುಲಭ. ಆದರೆ ಮಂಕರಿಯ ಮುಂದೆ ಕುಳಿತವರಿಗೆ ಆ ಮಾತಿನಿಂದ ದಾರಿ ಕಾಣುವುದಿಲ್ಲ. ದಯೆಯು ಒಂದು ಸಲ ಕೈಕಟ್ಟಿ ಕುಳಿತಿರು ಎನ್ನುವುದು, ಒಂದು ಸಲ ಕೈಹಾಕು ಎನ್ನುವುದು, ಮತ್ತೊಂದು ಸಲ ಮುಗಿಸಿಬಿಡು ಎನ್ನುವುದು. ಈ ಮೂರನ್ನೂ ಬೇರೆಬೇರೆಯಾಗಿ ನೋಡಬೇಕು.

ಮೊದಲನೆಯದು, ಓಡಿನೊಳಗೇ ಸಿಕ್ಕಿಕೊಂಡು ಕೂಗುವ ಮರಿ. ಆ ಕೂಗನ್ನು ಕೇಳಿದವರಿಗೆ ಓಡನ್ನು ಬಿಡಿಸಿ ಮರಿಯನ್ನು ಹೊರಕ್ಕೆ ತೆಗೆಯುವ ಆತುರ ಹುಟ್ಟುವುದು ಸಹಜ. ಮಕ್ಕಳಿಗಂತೂ ತಡೆಯಲಾರದಷ್ಟು ಹುಟ್ಟುವುದು. ಆದರೆ ಒಳಗೆ ನಡೆಯುತ್ತಿರುವುದು ಹೀಗೆ. ಮರಿಯು ಮೊದಲು ಒಳಪೊರೆಯನ್ನು ಹರಿದು ಮೊಟ್ಟೆಯ ಅಗಲವಾದ ತುದಿಯಲ್ಲಿರುವ ಗಾಳಿಯನ್ನು ಉಸಿರಾಡಲು ಕಲಿಯುವುದು. ಅನಂತರ ಕೊಕ್ಕಿನ ತುದಿಯಲ್ಲಿ ಆ ಕೆಲಸಕ್ಕಾಗಿಯೇ ಇರುವ ಗಟ್ಟಿಯಾದ ಮೊನೆಯಿಂದ ಓಡನ್ನು ಒಡೆಯುವುದು. ಒಡೆದಮೇಲೆ ಹನ್ನೆರಡು ಗಂಟೆ, ಕೆಲವು ವೇಳೆ ಒಂದು ಹಗಲು ಒಂದು ರಾತ್ರಿ, ಸುಮ್ಮನಿರುವಂತೆ ಕಾಣುವುದು. ಅದು ಸುಮ್ಮನಿರುವುದಲ್ಲ. ಪೊರೆಯ ನಾಳಗಳಲ್ಲಿದ್ದ ರಕ್ತ ಆ ಹೊತ್ತಿನಲ್ಲಿ ಮೈಗೆ ಹಿಂದಿರುಗುತ್ತಿರುವುದು. ಉಳಿದ ಹಳದಿಯು ಹೊಕ್ಕುಳಿನ ಮೂಲಕ ಹೊಟ್ಟೆಯೊಳಕ್ಕೆ ಸೇರುತ್ತಿರುವುದು. ಹುಟ್ಟಿದ ಮರಿ ಎರಡು ಮೂರು ದಿನ ಅನ್ನವಿಲ್ಲದೆ ಬದುಕಿರಬಲ್ಲುದು ಆ ಹಳದಿಯ ಬುತ್ತಿಯಿಂದಲೇ. ಈ ಕೆಲಸ ಮುಗಿಯುವ ಮೊದಲೇ ಕನಿಕರದ ಕೈ ಓಡನ್ನು ಬಿಡಿಸಿದರೆ ನಾಳ ಹರಿದು ರಕ್ತ ಸೋರುವುದು, ಹೊಕ್ಕುಳು ಮುಚ್ಚದೆ ಉಳಿಯುವುದು. ಬದುಕಬೇಕಾಗಿದ್ದ ಮರಿ ಸಾಯುವುದು. ಆದುದರಿಂದ ಇಲ್ಲಿ ಕಾಯುವುದೇ ದಯೆ. ತೂತು ಬಿದ್ದು ಪೂರ್ತಿ ಒಂದು ದಿನ ಕಳೆದು, ಪೊರೆ ಒಣಗಿ ಮರಿಗೆ ಅಂಟಿಕೊಂಡುದು ಕಂಡರೆ ಮಾತ್ರ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಪೊರೆಯನ್ನು ನೆನೆಸಿ, ಓಡನ್ನು ಚೂರುಚೂರಾಗಿ ಸಡಿಲಿಸಬಹುದು. ಕೆಂಪು ಕಂಡೊಡನೆಯೇ ಕೈ ಹಿಂದೆಗೆಯಬೇಕು. ಬಲ್ಲವರು ಮಾಡುವ ಸಹಾಯ ಇಷ್ಟೇ.

ಎರಡನೆಯದು, ಕಾಲು ಚಾಚಿ ಬಿದ್ದ ಮರಿ. ಇದನ್ನು ಕಂಡು “ಇದರ ಹಣೆಬರಹ” ಎನ್ನುವವರೇ ಹೆಚ್ಚು. ಆದರೆ ಇಲ್ಲಿ ಕಾಯುವುದು ದಯೆಯಲ್ಲ, ಸೋಮಾರಿತನ. ನುಣುಪಾದ ನೆಲದ ಮೇಲೆ, ಮುಖ್ಯವಾಗಿ ಹರಡಿದ ವೃತ್ತಪತ್ರಿಕೆಯ ಮೇಲೆ, ಮೊದಲ ಹೆಜ್ಜೆಯಿಟ್ಟ ಮರಿಗಳಿಗೆ ಕಾಲು ಜಾರಿ ಈ ದೋಷ ಬರುವುದುಂಟು. ಒಂದೆರಡು ದಿನಗಳೊಳಗೆ, ನಿಲ್ಲುವಾಗ ಕಾಲುಗಳ ನಡುವೆ ಇರಬೇಕಾದಷ್ಟು ಅಂತರವನ್ನು ಬಿಟ್ಟು, ಎರಡು ಕಾಲುಗಳನ್ನೂ ಮೆತ್ತನೆಯ ಪಟ್ಟಿಯಿಂದ ಸಡಿಲವಾಗಿ ಜೋಡಿಸಿ, ಗೋಣಿಯ ಮೇಲೆ ಬಿಟ್ಟರೆ ಅನೇಕ ಮರಿಗಳು ನಾಲ್ಕೈದು ದಿನಗಳಲ್ಲಿ ನೆಟ್ಟಗೆ ನಡೆಯುವುವು. ಕುರಿಯ ಉಣ್ಣೆಯಿಂದ ಕಂಬಳಿ ನೇಯುವ ಚಳ್ಳಕೆರೆಯ ಸೀಮೆಯಲ್ಲಿ ಅಂಥದೊಂದು ಮೆತ್ತನೆಯ ಎಳೆ ದುರ್ಲಭವಲ್ಲ. ವಾರ ಕಳೆದರೆ ಮೂಳೆ ಬಲಿತು ಅದೇ ಎಳೆ ವ್ಯರ್ಥವಾಗುವುದು. ಇಲ್ಲಿ ದಯೆಗೆ ಗಡುವು ಉಂಟು.

ಹಣೆಬರಹದ ಮಾತನ್ನು ಇನ್ನೂ ಸ್ವಲ್ಪ ವಿಚಾರಿಸಬೇಕು. ಬೆರಳುಗಳು ಒಳಕ್ಕೆ ಮುದುಡಿದ ಮರಿಗಳು ಹುಟ್ಟುವುದುಂಟು. ತಾಯಿಕೋಳಿಯ ಮೇವಿನಲ್ಲಿ ರೈಬೋಫ್ಲೇವಿನ್ ಎಂಬ ಜೀವಸತ್ವ ಕಡಮೆಯಾದುದು ಅದಕ್ಕೆ ಒಂದು ಮುಖ್ಯ ಕಾರಣ. ಹಸುರು ಸೊಪ್ಪೂ ಹುಳುಹುಪ್ಪಟೆಯೂ ಸಿಕ್ಕುವ ಹಿತ್ತಲಲ್ಲಿ ಇದು ಅಪರೂಪ. ಗೂಡಿನಲ್ಲಿ ಕೂಡಿಹಾಕಿ ಬರಿಯ ನುಚ್ಚು ಹಾಕುವಲ್ಲಿ ಕಾಣಿಸಿಕೊಳ್ಳುವುದು. ಕಾವುಪೆಟ್ಟಿಗೆಯ ಶಾಖ ಹೆಚ್ಚಾದರೆ ಹೊಕ್ಕುಳು ಸರಿಯಾಗಿ ಮುಚ್ಚದ ಮರಿಗಳು ಹುಟ್ಟುವುವು. ಹೇಟೆ ದಿನವೂ ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸುತ್ತಿರುವುದು. ಪೆಟ್ಟಿಗೆಯಲ್ಲಿಟ್ಟವರು ಅದನ್ನು ಮರೆತರೆ ಒಳಗಿನ ಪಿಂಡ ಪೊರೆಗೆ ಅಂಟಿಕೊಳ್ಳುವುದು. ಬೀಜದಲ್ಲಿಯೇ ಬಂದ ದೋಷಗಳೂ ಇಲ್ಲದಿಲ್ಲ: ಮೇಲಿನ ಕೊಕ್ಕು ಕೆಳಗಿನ ಕೊಕ್ಕು ಕತ್ತರಿಯಂತೆ ಅಡ್ಡವಾಗುವುದು ಅನೇಕ ವೇಳೆ ಇಂಥದು. ಅಂತೂ ಬಿದ್ದ ಮರಿಯನ್ನು ನೋಡಿ ಅದರ ಪೂರ್ವಜನ್ಮದ ಕರ್ಮವನ್ನು ಹುಡುಕುವವರು, ಅದಕ್ಕೆ ಮೊದಲು ತಮ್ಮ ಮೂರು ವಾರಗಳ ಕರ್ಮವನ್ನು ಹುಡುಕುವುದು ನ್ಯಾಯ. ಮೇವು, ಶಾಖ, ನೆಲ, ಗಮನ ಎಂಬ ನಾಲ್ಕರಲ್ಲಿ ಯಾವುದು ತಪ್ಪಿತೆಂದು ನೋಡಿದ ಮನೆಯಲ್ಲಿ ಮುಂದಿನ ಕಾವಿಗೆ ಅಂಥ ಮರಿಗಳು ಕಡಮೆಯಾಗುವುವು. ಈ ಮರಿಯ ನೋವು ಆ ಮಟ್ಟಿಗೆ ವ್ಯರ್ಥವಾಗದೆ ಉಳಿಯುವುದು.

ಮೂರನೆಯದು ಅತ್ಯಂತ ಕಠಿನ. ಕರುಳು ಹೊರಗೆ ಬಿದ್ದು ಹುಟ್ಟಿದ ಮರಿ, ತಲೆಯೋಡು ಕೂಡದ ಮರಿ, ಎರಡು ಮೂರು ದಿನದ ಆರೈಕೆಯಾದಮೇಲೂ ನೀರು ಗುಟುಕರಿಸಲಾರದೆ ನರಳುವ ಮರಿ. ಇಂಥವನ್ನು ಹಳ್ಳಿಗಳಲ್ಲಿ ಸಾಮಾನ್ಯವಾಗಿ ತಿಪ್ಪೆಯ ಮೇಲೆ ಬಿಟ್ಟುಬರುವರು. ಕಾಗೆಯೋ ಬೆಕ್ಕೋ ಬಿಸಿಲೋ ಉಳಿದುದನ್ನು ನೋಡಿಕೊಳ್ಳುವುದು. ಹಾಗೆ ಬಿಟ್ಟುಬಂದವರು “ನಾನು ಕೊಲ್ಲಲಿಲ್ಲ” ಎಂದು ಸಮಾಧಾನಪಟ್ಟುಕೊಳ್ಳುವುದುಂಟು. ಕೊಲ್ಲಲಿಲ್ಲವೆಂಬುದು ನಿಜ, ಕೊಲ್ಲುವ ಕೆಲಸವನ್ನು ಕಾಗೆಗೆ ವಹಿಸಿಬಂದರು, ಅಷ್ಟೆ. ಅವರ ಕೈ ಶುದ್ಧವಾಗಿ ಉಳಿಯಿತು. ಅದರ ಬೆಲೆಯನ್ನು ಮರಿಯು ಅರ್ಧದಿನದ ಸಂಕಟದಿಂದ ತೆತ್ತಿತು. ಬಲ್ಲವರ ಕೈಯಿಂದ ಒಂದು ಕ್ಷಣದಲ್ಲಿ ಮುಗಿಸುವುದು ಇದಕ್ಕಿಂತ ಕ್ರೂರವಾಗಿ ಕಾಣುವುದು. ಮರಿಯ ಪಾಲಿಗೆ ಅದೇ ಕಡಮೆ ಕ್ರೂರ.

ಈ ವಿಷಯದಲ್ಲಿ ದೇಶದ ಮನಸ್ಸನ್ನು ಕಲಕಿದ ಪ್ರಸಂಗವೊಂದು ೧೯೨೮ರಲ್ಲಿ ಸಬರಮತಿ ಆಶ್ರಮದಲ್ಲಿ ನಡೆಯಿತು. ಗುಣವಾಗದ ವ್ಯಾಧಿಯಿಂದ ನರಳುತ್ತಿದ್ದ ಕರುವೊಂದನ್ನು ವೈದ್ಯರು ಆಸೆಯಿಲ್ಲವೆಂದು ಕೈಬಿಟ್ಟಮೇಲೆ ಗಾಂಧೀಜಿಯವರು ಸೂಜಿಮದ್ದು ಕೊಡಿಸಿ ಅದರ ಪ್ರಾಣವನ್ನು ತೆಗೆಸಿದರು. ತೆಗೆಸಿದ್ದನ್ನು ಮುಚ್ಚಿಡದೆ ತಮ್ಮ ಪತ್ರಿಕೆಗಳಲ್ಲಿ ಬರೆದರು. ಗೋವಿನ ಕರು, ಅಹಿಂಸೆಯ ಆಶ್ರಮ, ಗಾಂಧೀಜಿಯವರ ಅಪ್ಪಣೆ! ಕೋಪದ ಕಾಗದಗಳು ಬಂದು ಬಿದ್ದುವು. ಸಂಕಟವನ್ನು ನೀಗುವ ಬೇರೆ ದಾರಿ ಯಾವುದೂ ಉಳಿಯದಿದ್ದಾಗ, ಸ್ವಾರ್ಥದ ಲೇಶವೂ ಇಲ್ಲದಿದ್ದಾಗ, ಪ್ರಾಣ ತೆಗೆಯುವುದೂ ಅಹಿಂಸೆಯೇ ಆಗಬಹುದೆಂಬುದು ಅವರ ನಿಲುವು. ಅದನ್ನು ಒಪ್ಪದವರು ಆಗಲೂ ಇದ್ದರು, ಈಗಲೂ ಇರುವರು. ಪ್ರಾಣ ಕೊಡಲಾರದವನಿಗೆ ತೆಗೆಯುವ ಅಧಿಕಾರವೆಲ್ಲಿಯದೆಂಬ ಅವರ ಆಕ್ಷೇಪ ಹಗುರವಾದುದಲ್ಲ. ಆದರೆ ಮಂಕರಿಯ ಮುಂದಿರುವವರ ಸ್ಥಿತಿ ಬೇರೆ: ಆ ಪ್ರಾಣ ಎಚ್ಚರಗೊಂಡುದೇ ಅವರ ಕೈಯಿಂದ. ಎಬ್ಬಿಸುವಾಗ ಇಲ್ಲದ ಸಂಕೋಚ ಮಲಗಿಸುವಾಗ ಮಾತ್ರ ಬಂದರೆ ಅದು ಧರ್ಮಭೀರುತ್ವವೋ, ಅಥವಾ ನೋಡಲಾರದ ಅಳುಕೋ ಎಂದು ಕೇಳಿಕೊಳ್ಳಬೇಕಾಗುವುದು.

ಮೂರು ಸಂದರ್ಭಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಅಳತೆಗೋಲು ಸಿಕ್ಕುವುದು. ಅವಸರದಿಂದ ಓಡು ಬಿಡಿಸುವವರು ತಮ್ಮ ಕಿವಿಗೆ ತಾಳಲಾರದ ಕೂಗನ್ನು ನಿಲ್ಲಿಸಹೊರಟವರು. ಕಾಲಿಗೆ ಎಳೆ ಕಟ್ಟದವರು ತಮ್ಮ ತೊಂದರೆಯನ್ನು ಉಳಿಸಿಕೊಂಡವರು. ತಿಪ್ಪೆಯ ಮೇಲೆ ಬಿಟ್ಟುಬಂದವರು ತಮ್ಮ ಕಣ್ಣಿಗೆ ನೋವಾಗದಂತೆ ನೋಡಿಕೊಂಡವರು. ಮೂರರಲ್ಲಿಯೂ ಕಳೆದುದು ಮನುಷ್ಯನ ಸಂಕಟ, ಉಳಿದುದು ಮರಿಯ ಸಂಕಟ. ಕನಿಕರವು ಹುಟ್ಟಿದಾಗ ಅದು ಯಾರ ನೋವನ್ನು ನೀಗುತ್ತಿರುವುದು ಎಂದು ಕೇಳಿದರೆ ನಿಜವಾದುದಾವುದು ಸುಳ್ಳಾದುದಾವುದು ತಿಳಿಯುವುದು. ತನ್ನ ನೋವನ್ನು ತಾಳಿಕೊಂಡು ಇನ್ನೊಂದರ ನೋವನ್ನು ನೀಗುವುದಕ್ಕೆ ಮೃದುತ್ವವೊಂದೇ ಸಾಲದು, ಗಟ್ಟಿತನವೂ ಬೇಕು.

ಈ ಗಟ್ಟಿತನದ ಮಾತು ಅದೇ ಸೀಮೆಯ ಬಂಡೆಯ ಮೇಲೆ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಬರೆಯಲ್ಪಟ್ಟಿರುವುದು ಆಶ್ಚರ್ಯ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಬಿ. ಎಲ್. ರೈಸರು ೧೮೯೨ರಲ್ಲಿ ಕಂಡುಹಿಡಿದ ಅಶೋಕನ ಶಾಸನಗಳು ವಾಚಕರಿಗೆ ತಿಳಿದಿರುವುವು. ತಾಯಿತಂದೆಗಳ ಸೇವೆ, ಸತ್ಯವಚನ, ಗುರುಗಳಲ್ಲಿ ಗೌರವ ಇವುಗಳ ಜೊತೆಯಲ್ಲಿ ಜೀವಿಗಳ ವಿಷಯವಾದ ಆದರವನ್ನೂ ಆ ಶಾಸನವು ವಿಧಿಸುವುದು. ವಿಧಿಸುವಾಗ ಆ ಆದರವು ದೃಢವಾಗಿರಬೇಕೆಂಬ ಅರ್ಥದ ಮಾತನ್ನು ಬಳಸುವುದು. ಕರಗುವುದಲ್ಲ, ದೃಢವಾಗಿರುವುದು. ಅದೇ ಅರಸನ ಉತ್ತರದ ಸ್ತಂಭಶಾಸನಗಳಲ್ಲಿ ಈ ದೃಢತೆಯು ವಿವರಗಳಿಗೆ ಇಳಿದಿರುವುದು: ಹುಂಜಗಳ ಬೀಜವನ್ನು ತೆಗೆಯಬಾರದು, ಮರಿಗಳಿಗೆ ಹಾಲೂಡುವ ಆಡುಕುರಿಗಳನ್ನೂ ಆರು ತಿಂಗಳಾಗದ ಮರಿಗಳನ್ನೂ ಕೊಲ್ಲಬಾರದು, ಜೀವಿಗಳು ಸೇರಿಕೊಂಡ ಹೊಟ್ಟನ್ನು ಸುಡಬಾರದು. ಚಕ್ರವರ್ತಿಯ ಧರ್ಮವು ಕೋಳಿಯ ಗೂಡಿನವರೆಗೂ ಹೊಟ್ಟಿನ ರಾಶಿಯವರೆಗೂ ಇಳಿದುಬಂದುದು ಅದರ ಹಿರಿಮೆಗೆ ಕುಂದೆಂದು ಆತನು ಭಾವಿಸಿದಂತಿಲ್ಲ.

ಇದಕ್ಕೆ ಬರಬಹುದಾದ ಆಕ್ಷೇಪಗಳು ಮುಖ್ಯವಾಗಿ ಮೂರು. ಹೇಟೆಯೇ ಕೈಲಾಗದ ಮರಿಯನ್ನು ಬಿಟ್ಟು ಉಳಿದವುಗಳೊಡನೆ ಹೊರಟುಹೋಗುವುದಲ್ಲವೆ, ಪ್ರಕೃತಿಯ ನಿಯಮವನ್ನು ಮೀರುವುದೇಕೆ ಎಂಬುದು ಮೊದಲನೆಯದು. ಹೇಟೆ ಹಾಗೆ ಮಾಡುವುದು ನಿಜ, ಅದರ ಲೆಕ್ಕವೂ ಸರಿಯೇ. ಒಂದಕ್ಕಾಗಿ ಕುಳಿತರೆ ಎಂಟು ಹಸಿಯುವುವು, ಹದ್ದು ಬಂದರೆ ಎಂಟೂ ಹೋಗುವುವು. ಆದರೆ ಮನುಷ್ಯನಿಗೆ ಹದ್ದಿನ ಭಯವಿಲ್ಲ. ಒಂದು ಪೆಟ್ಟಿಗೆ, ಒಂದು ವಿದ್ಯುದ್ದೀಪ, ಒಂದು ತುಂಡು ಗೋಣಿ ಅವನಿಗೆ ಉಂಟು. ಮೊದಲ ವಾರ ಸುಮಾರು ೩೫ ಡಿಗ್ರಿ ಶಾಖವನ್ನು ಕೊಟ್ಟು, ವಾರವಾರಕ್ಕೂ ಮೂರು ಡಿಗ್ರಿಯಂತೆ ಇಳಿಸುತ್ತ ಬಂದರೆ ತಾಯಿಯಿಲ್ಲದ ಮರಿಯೂ ಬದುಕುವುದು. ಹೇಟೆಯ ಅಶಕ್ತಿಯನ್ನು ಮನುಷ್ಯನು ತನ್ನ ನಿಯಮವನ್ನಾಗಿ ಮಾಡಿಕೊಳ್ಳುವುದು ಉಚಿತವಲ್ಲ.

ಕೂಲಿಗೆ ಹೋಗುವ ಹೆಂಗಸು ಒಂದು ಮರಿಗಾಗಿ ಅರ್ಧದಿನ ಕಳೆಯಲಾಗುವುದೆ ಎಂಬುದು ಎರಡನೆಯದು. ಇದು ನ್ಯಾಯವಾದ ಪ್ರಶ್ನೆ; ಇದನ್ನು ಬಡತನವನ್ನು ಕಾಣದವರು ಮಾತ್ರ ಅಲ್ಲಗಳೆಯುವರು. ಋಣವನ್ನು ಶಕ್ತಿಗೆ ತಕ್ಕಂತೆ ಅಳೆಯಬೇಕು. ಹಗಲೆಲ್ಲ ಹೊಲದಲ್ಲಿರುವವಳು ಗುಟುಕುಗುಟುಕಾಗಿ ನೀರು ಕುಡಿಸಿ ಮರಿಯನ್ನು ಬದುಕಿಸಲಾರಳು. ಬದುಕಿಸಬೇಕೆಂದು ಯಾವ ಧರ್ಮವೂ ಅವಳನ್ನು ನಿರ್ಬಂಧಿಸಲಾರದು. ಆದರೆ ಕಾಲಿಗೆ ಎಳೆ ಕಟ್ಟುವುದಕ್ಕೆ ಬೇಕಾದುದು ಕೆಲವು ನಿಮಿಷ. ಉಳಿಯಲಾರದ ಮರಿಯ ಸಂಕಟವನ್ನು ಮುಗಿಸುವುದಕ್ಕೆ ಬೇಕಾದುದು ಒಂದು ಕ್ಷಣ. ಬಡತನವು ಆರೈಕೆಯ ಕಾಲವನ್ನು ಕಡಮೆ ಮಾಡಬಹುದು. ಒಮ್ಮೆ ತಿರುಗಿ ನೋಡಿ ನಿಶ್ಚಯಿಸುವ ಕರ್ತವ್ಯದಿಂದ ಯಾರನ್ನೂ ಬಿಡಿಸುವುದಿಲ್ಲ. ವಿರಾಮವುಳ್ಳ ಮನೆಗಳಿಗಂತೂ ಈ ಆಕ್ಷೇಪದ ಆಸರೆಯೂ ಇಲ್ಲ.

ನಾಳೆ ಪಾತ್ರೆಗೆ ಬೀಳುವ ಕೋಳಿಗೆ ಇಂದು ಈ ಉಪಚಾರವೇಕೆ ಎಂಬುದು ಮೂರನೆಯದು. ಕೇಳುವವರು ಇದನ್ನು ಬಹು ಚತುರವಾದ ಪ್ರಶ್ನೆಯೆಂದು ತಿಳಿದಿರುವರು. ಇದನ್ನು ತಿರುಗಿಸಿ ನೋಡಿದರೆ ಉತ್ತರ ಅದರಲ್ಲಿಯೇ ಇರುವುದು. ಒಂದು ಜೀವದ ಮೊದಲ ದಿನವೂ ಕಡೆಯ ದಿನವೂ ಯಾರ ಇಚ್ಛೆಯಲ್ಲಿರುವುವೋ ಅವರಿಗೆ ನಡುವಣ ದಿನಗಳ ಹೊಣೆ ಹೆಚ್ಚಾಗುವುದೇ ಹೊರತು ಕಡಮೆಯಾಗುವುದಿಲ್ಲ. ಮಾಂಸಾಹಾರವು ಸರಿಯೋ ತಪ್ಪೋ ಎಂಬುದು ಬೇರೆಯ ವಿಚಾರ. ತಪ್ಪೆನ್ನುವವರಿಗೂ ಸರಿಯೆನ್ನುವವರಿಗೂ, ತಿನ್ನುವುದಕ್ಕಾಗಿ ಸಾಕಿದ್ದೆಂಬುದು ಅನಾವಶ್ಯಕವಾಗಿ ನರಳಿಸುವುದಕ್ಕೆ ರಹದಾರಿಯಲ್ಲವೆಂಬುದು ಸಮಾನವಾಗಿ ಒಪ್ಪಿಗೆಯಾಗಬೇಕು.

ಕೋಳಿಯನ್ನು ನಿಮಿತ್ತಮಾಡಿಕೊಂಡು ಹಿಂಸೆಯ ಬೇರನ್ನು ಹುಡುಕಿದ ಕಾವ್ಯವೊಂದು ಕನ್ನಡದಲ್ಲಿಯೇ ಇರುವುದು. ೧೨೦೯ರಲ್ಲಿ ಜನ್ನನು ರಚಿಸಿದ ಯಶೋಧರ ಚರಿತೆಯಲ್ಲಿ ಅರಸನು ಜೀವವಧೆಗೆ ಒಪ್ಪದೆ, ತಾಯಿಯ ಮಾತನ್ನು ಮೀರಲಾರದೆ, ಹಿಟ್ಟಿನ ಕೋಳಿಯೊಂದನ್ನು ದೇವಿಗೆ ಬಲಿಕೊಡುವನು. ಕೊಂದುದು ಹಿಟ್ಟನ್ನೇ ಆದರೂ ಕೊಲ್ಲುವ ಸಂಕಲ್ಪ ನಿಜವಾಗಿದ್ದುದರಿಂದ ತಾಯಿಮಗ ಇಬ್ಬರೂ ಅನೇಕ ಜನ್ಮಗಳಲ್ಲಿ ಪಶುಪಕ್ಷಿಗಳಾಗಿ ನೊಂದು, ಕಡೆಗೆ ತಾವೇ ಕೋಳಿಗಳಾಗಿ ಹುಟ್ಟುವರು. ಪಾಪಪುಣ್ಯಗಳ ಮೂಲ ಕೈಯಲ್ಲಿಲ್ಲ, ಸಂಕಲ್ಪದಲ್ಲಿದೆ ಎಂಬುದು ಆ ಕಥೆಯ ತಿರುಳು. ತಿಪ್ಪೆಯ ಮೇಲೆ ಬಿಟ್ಟುಬಂದ “ಶುದ್ಧವಾದ ಕೈ”ಗೆ ಈ ತಿರುಳಿನಲ್ಲಿ ರಕ್ಷಣೆಯಿಲ್ಲ. ಅಲ್ಲಿ ಹಿಟ್ಟಿಗೂ ಲೆಕ್ಕ ಹೇಳಬೇಕಾಯಿತು. ಇಲ್ಲಿ ಉಸಿರಾಡುವ ಮರಿಗೂ ಲೆಕ್ಕ ಕೇಳುವವರಿಲ್ಲ! ಆದರೆ ಇದಕ್ಕೆ ಒಂದು ಮಾತನ್ನು ಸೇರಿಸಬೇಕು. ಓಡು ಬಿಡಿಸಿ ಮರಿಯನ್ನು ಕೊಂದ ಮಗುವಿನ ಸಂಕಲ್ಪ ಶುದ್ಧವೇ ಆಗಿತ್ತು. ಮರಿ ಮಾತ್ರ ಬದುಕಲಿಲ್ಲ. ಒಳ್ಳೆಯ ಸಂಕಲ್ಪ ಪಾಪವನ್ನು ಕಳೆಯಬಹುದು, ನೋವನ್ನು ಕಳೆಯಲಾರದು. ನೋವನ್ನು ಕಳೆಯುವುದಕ್ಕೆ ತಿಳಿವಳಿಕೆ ಬೇಕು. ದಯೆಯುಳ್ಳವರು ಕಲಿಯತಕ್ಕದ್ದು ಈ ಕಾರಣದಿಂದಲೇ.

ಬದುಕಿದ ಮರಿಯ ವಿಷಯದಲ್ಲಿಯೂ ಒಂದು ದೃಢತೆ ಬೇಕು. ಕತ್ತರಿಕೊಕ್ಕಿನ ಮರಿಗೆ ಆಳವಾದ ಬಟ್ಟಲಿನಲ್ಲಿ ನೆನೆಸಿದ ನುಚ್ಚನ್ನಿಟ್ಟರೆ ಅದು ತಿಂದು ಬೆಳೆಯಬಹುದು. ಬೆಳೆದಮೇಲೆ ಅದರ ಮೊಟ್ಟೆಯನ್ನು ಕಾವಿಗೆ ಇಡಬಾರದು. ಇಂದಿನ ಒಂದು ಮರಿಯ ಮೇಲಣ ಮಮತೆಯಿಂದ ಮುಂದಿನ ಹತ್ತು ಮರಿಗಳ ಹಸಿವನ್ನು ಹುಟ್ಟಿಸುವುದು ದಯೆಯಲ್ಲ. ಅದು ತಾನು ಬದುಕಲಿ. ಅದರ ದೋಷ ಅದರೊಡನೆ ಮುಗಿಯಲಿ.

ಇಷ್ಟನ್ನೂ ಓದಿ, ಕೋಳಿಯನ್ನೇ ಸಾಕದ ವಿದ್ಯಾವಂತರ ಮನೆಯವರು ಇದು ಹಳ್ಳಿಯವರ ಮಾತೆಂದು ಪುಟ ತಿರುವಬಹುದು. ತಿರುವುವ ಮುನ್ನ ಅಂಗಡಿಯಿಂದ ತಂದ ಮೊಟ್ಟೆಯನ್ನು ಒಮ್ಮೆ ನೋಡುವುದು ಒಳಿತು. ಮೊಟ್ಟೆಗಾಗಿಯೇ ಬೆಳೆಸಿದ ತಳಿಗಳಲ್ಲಿ ಗಂಡುಮರಿ ಮೊಟ್ಟೆಯಿಡದು, ಮಾಂಸಕ್ಕೂ ಲಾಭವಾಗದು. ಆದುದರಿಂದ ಮರಿ ಮಾಡಿಸುವ ದೊಡ್ಡ ಕಾರ್ಖಾನೆಗಳಲ್ಲಿ, ಲೋಕದ ಬಹುಭಾಗದಲ್ಲಿ, ಗಂಡುಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುವ ಪದ್ಧತಿಯುಂಟು. ಅವುಗಳಲ್ಲಿ ಯಾವ ಅಂಗದೋಷವೂ ಇಲ್ಲ. ಗಂಡಾಗಿ ಹುಟ್ಟಿದುದೇ ದೋಷ. ಜರ್ಮನಿಯಲ್ಲಿ ೨೦೨೨ರ ಆರಂಭದಿಂದ ಈ ಪದ್ಧತಿ ಕಾನೂನಿನಿಂದ ನಿಷಿದ್ಧವಾಯಿತು, ಫ್ರಾನ್ಸಿನಲ್ಲಿ ೨೦೨೩ರಿಂದ. ಮೊಟ್ಟೆಯೊಳಗಿರುವಾಗಲೇ ಗಂಡುಹೆಣ್ಣುಗಳನ್ನು ಗುರುತಿಸಿ ಗಂಡನ್ನು ಕಾವಿನಿಂದ ತೆಗೆದುಬಿಡುವ ಉಪಾಯ ಅಲ್ಲಿ ಬಳಕೆಗೆ ಬಂದಿರುವುದು. ಈ ದೇಶದ ಸಂತೆ ಜಾತ್ರೆಗಳಲ್ಲಿ ಕೆಂಪು ಹಸುರು ನೀಲಿ ಬಣ್ಣಗಳಲ್ಲಿ ಅದ್ದಿದ ಮರಿಗಳನ್ನು ಬುಟ್ಟಿಗಳಲ್ಲಿ ಮಾರುವುದನ್ನು ಯಾರು ನೋಡಿಲ್ಲ? ಇಂಥ ಗಂಡುಮರಿಗಳೇ ಅವುಗಳಲ್ಲಿ ಬಹಳ. ಮಗು ಹಟ ಮಾಡುವುದು, ತಂದೆ ಕೊಡಿಸುವನು. ಮನೆಯಲ್ಲಿ ಕಾವಿಲ್ಲ, ತಕ್ಕ ಮೇವಿಲ್ಲ. ಕೆಲವೇ ದಿನಗಳಲ್ಲಿ ಮರಿ ಇಲ್ಲ. ಆಟಿಕೆಯಂತೆ ಕೊಂಡ ಜೀವವು ಆಟಿಕೆಯಂತೆ ಮುರಿಯಿತೆಂದು ಮಗು ತಿಳಿಯುವುದು. ಆ ಪಾಠವನ್ನು ಕಲಿಸಿದವರು ಯಾರೆಂದು ಕೇಳಬೇಕಾಗಿಲ್ಲ. ಮಂಕರಿಯ ಮುಂದೆ ಕುಳಿತ ಹಳ್ಳಿಯ ಹೆಂಗಸಿಗೆ ತನ್ನ ಮರಿಯ ಕೂಗಾದರೂ ಕೇಳಿಸುವುದು. ದೂರದ ಕಾರ್ಖಾನೆಯ ಕೂಗು ಪೇಟೆಯ ಮನೆಗೆ ಕೇಳಿಸುವುದಿಲ್ಲ. ಕೇಳಿಸದುದರಿಂದ ಋಣ ಇಲ್ಲವಾಗುವುದಿಲ್ಲ, ಮರೆತುಹೋಗುವುದಷ್ಟೆ.

ಹಾಗಾದರೆ ಗೃಹಸ್ಥರು ಮಾಡತಕ್ಕದ್ದೇನು? ಇಲ್ಲಿ ಹೇಳಿದುದು ದೊಡ್ಡ ತ್ಯಾಗವಲ್ಲ. ಕೂರಿಸುವ ಮುನ್ನ ಎಣಿಸುವುದು: ನೋಡಿಕೊಳ್ಳಲಾಗುವಷ್ಟು ಮೊಟ್ಟೆಗಳೇ ಎಂದು. ಏಳನೆಯ ದಿನ ದೀಪಕ್ಕೆ ಹಿಡಿದು ನೋಡಿ ಗೊಡ್ಡು ಮೊಟ್ಟೆಗಳನ್ನು ತೆಗೆಯುವುದು. ಇಪ್ಪತ್ತನೆಯ ದಿನದಿಂದ ಮನೆಯಲ್ಲಿ ಒಬ್ಬರಾದರೂ ಇರುವಂತೆ ನೋಡಿಕೊಳ್ಳುವುದು. ಕಾಯಬೇಕಾದಾಗ ಕಾಯುವುದು, ಕಟ್ಟಬೇಕಾದಾಗ ಕಟ್ಟುವುದು, ಮುಗಿಸಬೇಕಾದಾಗ ಮುಖ ತಿರುಗಿಸದೆ ಮುಗಿಸುವುದು. ಮಕ್ಕಳು ಪಕ್ಕದಲ್ಲಿದ್ದರೆ ಅವರನ್ನು ಅಟ್ಟದೆ, ಏಕೆ ಕಾಯುತ್ತಿರುವುದು, ಏಕೆ ಕಟ್ಟುತ್ತಿರುವುದು ಎಂದು ಹೇಳುವುದು. ಜಾತ್ರೆಯಲ್ಲಿ ಬಣ್ಣದ ಮರಿಗಾಗಿ ಮಗು ಕೈಚಾಚಿದಾಗ ಬೇಡವೆನ್ನುವುದು, ಏಕೆ ಬೇಡವೆಂಬುದನ್ನೂ ಹೇಳುವುದು. ಇವುಗಳಲ್ಲಿ ಒಂದೂ ಆಗದ ಮನೆಗೆ ಮ್ಯಾಸಬೇಡರ ಹಟ್ಟಿಯ ದಾರಿ ಯಾವಾಗಲೂ ತೆರೆದಿರುವುದು: ಮೊಟ್ಟೆ ನಿದ್ರಿಸುತ್ತಿರಲಿ, ಕಾವು ಕೊಡದಿರಲಿ. ಕೊಟ್ಟಮೇಲೆ ಮಾತ್ರ, ಎದ್ದು ಓಡಾಡುವ ಎಂಟು ಮರಿಗಳಂತೆಯೇ ಬಿದ್ದಿರುವ ಒಂಬತ್ತನೆಯದೂ ಆ ಮನೆಯದೇ.